ಆರು ಗೇಣು, ಎಂಟು ಗೇಣು

ಒಣಮೀನು ಒಣಗಿಯೇ ಇದ್ದರೆ ಅದರ ವಾಸನೆ ನನಗೆ ಇಷ್ಟವೇ. ಹೇಸಿಗೆಯಾಗುವುದು ಅದು ನೀರು ಕುಡಿದಾಗ. ಕಳೆದ ಭಾನುವಾರ ಕಾರವಾರದ ಸಂತೆಯಲ್ಲಿ ದಿಢೀರನೆ ಮಳೆ ಹೊಡೆದು ಒಬ್ಬಾಕೆಯ ಬುಟ್ಟಿಯ ಬಂಗಡೆಗಳು ನೆನೆದುಹೋದವು. ಉಪ್ಪು, ಹುಳಿ, ಕೊಳೆತ ಎಣ್ಣೆ ಎಲ್ಲ ಸೇರಿದ ಆ ನಾತ ಮೂಗಿನಲ್ಲಿ ನಿಲ್ಲದೆ ಗಂಟಲಿಗೆ ಇಳಿದು ಕೂತಿತು. ನಿಮಗೂ ಇಂಥದೊಂದು ವಾಸನೆ ಇರಬಹುದು, ಸತ್ತವರನ್ನು ಕರೆತರುವಂಥದು. ನನಗೆ ಅದು ಅಂಕೋಲೆಯ ಬೊಬ್ರುವಾಡದಲ್ಲಿದ್ದ ದೊಡ್ಡಮ್ಮನನ್ನು, ಅಂದರೆ ನನ್ನ ಅಮ್ಮನ ಅಕ್ಕನನ್ನು, ಕರೆತರುತ್ತದೆ.

೨೦೦೪ರ ಮೇ ರಜೆಗೆ ಅವಳ ಮನೆಯಲ್ಲಿದ್ದೆ. ನಾನು ಒಂಬತ್ತನೆಯ ತರಗತಿ ಮುಗಿಸಿದ್ದೆ, ಡೈರಿಯಲ್ಲಿ ಎಲ್ಲವನ್ನೂ ಎಣಿಸಿ ಬರೆಯುತ್ತಿದ್ದೆ. ದೊಡ್ಡಮ್ಮ ಒಣಗಿಸಿಟ್ಟ ಬಂಗಡೆ ಇನ್ನೂರ ನಲವತ್ತು. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗಸ್ಟ್‌ವರೆಗೆ ಗಂಜಿಗೆ ಆ ಮನೆಯಲ್ಲಿ ಅದೇ ನಂಚಿಕೆ. ಅವನ್ನು ತುಂಬಿಟ್ಟ ಮಡಕೆಗಳಿದ್ದದ್ದು ಹಿಂಗೋಡೆಗೆ ತಾಗಿದ ಇಳಿಜಾರು ಮಾಡಿನ ಕೆಳಗೆ. ಅದರ ಹಳೆಯ ತೆಂಗಿನ ಗರಿ ಕಿತ್ತು ತಾಡಪಾಲು ಹಾಕಬೇಕಿತ್ತು. ಅಂಗಡಿಯಲ್ಲಿ ಎಷ್ಟು ಉದ್ದ ಕತ್ತರಿಸಿಕೊಳ್ಳಬೇಕು? "ಒಂದು ಹಗ್ಗ ಹಿಡ್ದು ನೋಡಿರೆ ಆಯ್ತು" ಎಂದರು ದೊಡ್ಡಪ್ಪ. ನಾನು ಬಿಡಲಿಲ್ಲ. ನೆಟ್ಟಗಿನ ಗೋಡೆ, ಮಟ್ಟಸ ನೆಲ, ನಡುವೆ ಓರೆಯಾದ ಮಾಡು. ಎರಡು ಬಾಹು ಗೊತ್ತಿದ್ದರೆ ಮೂರನೆಯದಕ್ಕೆ ಹಗ್ಗವೇಕೆ? ಮಾಡಿನ ಮೇಲ್ತುದಿ ಕಟ್ಟುವ ಗೋಡೆಯ ಮೊಳೆಯಿಂದ ಕೆಳಗೆ ಕಂಬದ ತಲೆಯ ಮಟ್ಟದವರೆಗೆ ಎತ್ತರದ ದೊಡ್ಡಪ್ಪ ಗೇಣು ಹಾಕಿದರು: ಆರು. ಗೋಡೆಯ ಬುಡದಿಂದ ಕಂಬದವರೆಗೆ ದೊಡ್ಡಮ್ಮ ಬಗ್ಗಿ ಗೇಣು ಹಾಕಿದಳು: ಎಂಟು. ಮೂವತ್ತಾರು, ಅರವತ್ತನಾಲ್ಕು, ಕೂಡಿದರೆ ನೂರು. ಅಷ್ಟು ಚೆಂದದ ಉತ್ತರ ತಪ್ಪಾಗುವುದುಂಟೇ?

"ಹತ್ತು ಗೇಣು" ಎಂದೆ.

"ಆಯ್ತು ಅಕ್ಕೋರೇ, ಶಾಲೆ ಬಿಡಿ ಇನ್ನು" ಎಂದು ದೊಡ್ಡಪ್ಪ ಟೀಚರಿಗೆ ಮುಗಿಯುವಂತೆ ಕೈಮುಗಿದರು.

"ನೀವು ಸುಮ್ನಿರಿ. ಕಲ್ತ ಹುಡ್ಗಿ ಹೇಳ್ತದೆ" ಎಂದಳು ದೊಡ್ಡಮ್ಮ. ಪೇಟೆಗೆ ಹೋಗಿ ತನ್ನ ಕೈಯಲ್ಲೇ ಹತ್ತು ಗೇಣು ಅಳೆದು ತಂದಳು.

ಕೆಳಗೆ ಕಂಬಕ್ಕೆ ಕಟ್ಟಿದರೆ ತಾಡಪಾಲು ಮೇಲೆ ಮೊಳೆ ಮುಟ್ಟಲಿಲ್ಲ. ಖಾಲಿ ಉಳಿದ ಜಾಗದ ಮೇಲೆ ಇಬ್ಬರೂ ಕೈಯಿಟ್ಟಾಗ ನನಗೆ ತಿಳಿಯಿತು: ದೊಡ್ಡಮ್ಮನ ಕೈಗೆ ಅದು ಒಂದು ಗೇಣಿಗೂ ಹೆಚ್ಚು, ದೊಡ್ಡಪ್ಪನ ಅಗಲ ಅಂಗೈಗೆ ಒಂದು ಗೇಣೂ ಇಲ್ಲ. ಎರಡು ಕೈಗಳ ಅಳತೆಯನ್ನು ನಾನು ಒಂದೇ ಎಂದು ಕೂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ, "ನಾನೇ ಅಂಗಡೀಲಿ ಅಳೆಯೂದು ತಪ್ದೆ. ಸಂದಿಗೆ ಗರಿ ಹೊದ್ಸಿರೆ ಸಾಕು" ಎಂದಳು. ನಾನು ತೆರೆಯುತ್ತಿದ್ದೆನೋ ಇಲ್ಲವೋ, ಖಚಿತವಿಲ್ಲ. ಡೈರಿಯಲ್ಲಿ ಆ ದಿನ "ಹತ್ತು ಗೇಣು, ಉತ್ತರ ಸರಿ" ಎಂದಷ್ಟೇ ಇದೆ.

ಜೂನ್‌ನ ಒಂದು ಭಾನುವಾರ ಅಮ್ಮನೊಂದಿಗೆ ಹೋದಾಗ ಅಂಗಳದಿಂದಲೇ ನಾತ ಬಡಿಯಿತು. ಗರಿ ಸರಿದು, ಗೋಡೆ ಹಿಡಿದು ಇಳಿದ ನೀರು ಮಡಕೆಗಳಿಗೆ ಸೇರಿತ್ತು. ದೊಡ್ಡಮ್ಮ ಬರಿಗೈ ಹಾಕಿ ಬಾಚುತ್ತಿದ್ದಳು. ಬಂಗಡೆಗಳು ಗಂಜಿಯಂತೆ ಜಾರುತ್ತಿದ್ದವು. ಬಿಳಿ ಹುಳುಗಳು ಆಕೆಯ ಬಳೆಯವರೆಗೆ ಹತ್ತಿದ್ದವು. "ಒಂದು ಗೇಣು ನೆಟ್ಟಗೆ ಹಾಕೂಕೆ ಬರೂದಿಲ್ಲ ನಿಂಗೆ, ಮಳ್ಳಿ! ಮಳೆಗಾಲ ಪೂರ್ತಿ ಎಂತ ತಿಂಬೂದು?" ಎಂದು ದೊಡ್ಡಪ್ಪ ಕೂಗಿದರು. ಅಮ್ಮನೂ, "ಹೌದೇ ಅಕ್ಕಾ, ಅಳತೆ ನೋಡೂಕಾಗ್ತಿರ್ಲಿಲ್ವಾ?" ಎಂದಳು. ದೊಡ್ಡಮ್ಮ ತಲೆಯೆತ್ತಿ ನನ್ನತ್ತ ನೋಡಲಿಲ್ಲ. ನಾನು ಮೂಗಿಗೆ ವೇಲ್ ಒತ್ತಿಕೊಂಡು, ಹೊರಗೆ ಸುರಿದದ್ದರಲ್ಲಿ ತಲೆಗಳನ್ನು ಎಣಿಸುತ್ತಿದ್ದೆ. ನೂರ ತೊಂಬತ್ತೊಂದು. ಆ ಹುಳುಗಳನ್ನು ಈಗ ಕ್ಷಮಿಸಬಲ್ಲೆ. ಎಣಿಸುತ್ತ ನಿಂತ ಆ ಹುಡುಗಿಯನ್ನು ಕಂಡರೆ ವಾಂತಿ ಬರುತ್ತದೆ.

ಮೂರು ವರ್ಷಕ್ಕೆ ದೊಡ್ಡಮ್ಮ ತೀರಿಕೊಂಡಳು. ದೊಡ್ಡಪ್ಪ ಸುಂಕಸಾಳದ ತಮ್ಮನ ಮನೆ ಸೇರಿದರು. ಬೊಬ್ರುವಾಡದ ಮನೆ ಕೆಡವಿ ನೆಲ ಸಪಾಟು ಮಾಡಿದ್ದಾರೆ. ಹಿಂಗೋಡೆ ಎಲ್ಲಿತ್ತೆಂದು ಹುಡುಕಿದರೂ ಸಿಗುವುದಿಲ್ಲ. ತಪ್ಪು ನನ್ನದೆಂದು ಹೇಳಲು ನನಗೆ ಮೂರು ವರ್ಷ ಸಮಯವಿತ್ತು.

ಮಡಕೆ ಬಾಚಿದ ಆ ಭಾನುವಾರ ಮಧ್ಯಾಹ್ನ ದೊಡ್ಡಮ್ಮ ಬೂದಿ ಹಾಕಿ ಮೊಣಕೈವರೆಗೆ ಮೂರು ಸಲ ತೊಳೆದುಕೊಂಡಳು. ಆಮೇಲೆ ಸೌಟನ್ನು ಅಮ್ಮನ ಕಡೆ ಸರಿಸಿ, "ನೀನೇ ಬಡ್ಸೇ. ನನ್ ಕೈ ನಾತ ಹೋಗ್ಲಿಲ್ಲ, ಹುಡ್ಗಿಗೆ ಊಟ ಸೇರೂದಿಲ್ಲ" ಎಂದು ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತಳು. ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ. ನಾನು ಉಂಡು ಏಳುವವರೆಗೂ ಅವಳು ಒಳಗೆ ಬರಲಿಲ್ಲ.