ಗಿರಣಿ ನಿಂತ ಮೇಲೆ ಉಳಿಯುವ ದನಿ

ಹಿಟ್ಟಿನ ಗಿರಣಿಯವನಿಗೆ ಸ್ವಂತದ್ದು ಅಂತ ಇದ್ದದ್ದು ದನಿ ಒಂದೇ. ಗಿರಣಿ ಮಾವ ಕೊಟ್ಟದ್ದು, ಮನೆ ಹೆಂಡತಿಯ ಹೆಸರಿನಲ್ಲಿದ್ದದ್ದು. ಮೀಸೆ ಕೂಡ ಹಿಟ್ಟು ಕೂತು ಯಾರದೋ ತಾತನಿಂದ ಎರವಲು ತಂದಂತೆ ಕಾಣುತ್ತಿತ್ತು. ಆದರೆ ಬೆಳಿಗ್ಗೆ ಮೋಟಾರು ಹಾಕಿ, ಬೆಲ್ಟು ಗರಗರ ತಿರುಗಿ, ಕಲ್ಲು ಗುಂಯ್ಯೆಂದು ಮೊರೆಯತೊಡಗಿದರೆ ಅವನು ಚಕ್ರವರ್ತಿಯಾಗುತ್ತಿದ್ದ. ಎದೆಯುಬ್ಬಿಸಿ ದೋಣಿಯ ಹಾಡೊಂದನ್ನು ಎತ್ತಿದರೆ ಆ ಸದ್ದನ್ನೆಲ್ಲ ಸೀಳಿಕೊಂಡು ದನಿ ಎದುರಿನ ಟೈಲರ್ ಅಂಗಡಿಯವರೆಗೂ ದಂಡೆತ್ತಿ ಹೋಗುತ್ತಿತ್ತು. ಬೀದಿಯವರು ಅವನಿಗೆ ಗಂಧರ್ವ ಎಂದು ಹೆಸರಿಟ್ಟಿದ್ದರು. ಅವರು ಅರ್ಧ ತಮಾಷೆಗೆ ಕೊಟ್ಟದ್ದನ್ನು ಅವನು ಪೂರ್ತಿ ತೆಗೆದುಕೊಂಡಿದ್ದ.

ಇಂಥ ಗಂಧರ್ವನ ನೆಮ್ಮದಿಗೆ ಕಲ್ಲು ಬಿದ್ದದ್ದು ಬೇರೆಯವರ ಜಗಳದಿಂದ. ಒಂದು ದಿನ ಬೆಲ್ಟು ಜಾರಿ ಗಿರಣಿ ನಿಂತಿತ್ತು. ಚೀಲ ಹಿಡಿದು ಕಾಯುತ್ತಿದ್ದವರಲ್ಲಿ, ನಿಜವಾದ ದೊಡ್ಡ ದನಿ ಎಂದರೆ ಯಾವುದು ಎಂಬ ಮಾತು ಹುಟ್ಟಿತು. ದನಿ ಎಂದರೆ ದೂರಕ್ಕೆ ಹೋಗಬೇಕು, ಪಕ್ಕದಲ್ಲಿ ಕೂತು ಕೇಳುವುದಕ್ಕೆ ಸೊಳ್ಳೆ ಸಾಕಲ್ಲ ಎಂದ ಟೈಲರು. ಔಷಧಿ ಅಂಗಡಿಯವನು, ದೊಡ್ಡ ದನಿಯೊಳಗೆ ಒಂದು ನೋವು ಇರಬೇಕೆಂದ. ನೋವಿದ್ದರೆ ನಿಮ್ಮ ಅಂಗಡಿಗೇ ಬರ್ತಾನೆ ಬಿಡಿ ಎಂದು ಟೈಲರು ಅವನ ಬಾಯಿ ಮುಚ್ಚಿಸಿದ.

ಮುಚ್ಚಿಸಲಾಗದ ಬಾಯಿ ಇನ್ನೊಂದಿತ್ತು. ಅದು ನಿವೃತ್ತ ಸಂಗೀತದ ಟೀಚರದು.

"ಗಂಧರ್ವರು ಹಾಡೋದೇ ಇಲ್ಲ ಕಣಪ್ಪಾ," ಎಂದರು ಟೀಚರು, ಟೈಲರನಿಗೆ. "ಗೋಡೆಗೆ ಒರಗಿದ ಹಾಗೆ ಮೋಟಾರಿನ ಶ್ರುತಿಗೆ ಒರಗಿಕೊಳ್ತಾರೆ. ಗೋಡೆ ತೆಗೀರಿ, ಆಮೇಲೆ ನೋಡೋಣ ನಿಲ್ತಾರೋ ಬೀಳ್ತಾರೋ."

ಟೈಲರು ಕೆರಳಿದ. ಶನಿವಾರ ಶಾಲೆಯ ಹೆಡ್‌ಮೇಡಂಗೆ ಬೀಳ್ಕೊಡುಗೆ ಇದೆ, ಅಲ್ಲಿ ಹಾಲ್‌ನಲ್ಲಿ ಯಾವ ಗಿರಣಿಯೂ ಇಲ್ಲ, ಅಲ್ಲೇ ತೀರ್ಮಾನ ಆಗಿಹೋಗಲಿ ಎಂದು ಸವಾಲು ಹಾಕಿಬಿಟ್ಟ. ಪರರ ಗಂಟಲನ್ನು ಪಣಕ್ಕಿಡುವಾಗ ಯಾರಿಗೆ ತಾನೇ ಧೈರ್ಯ ಕಡಿಮೆ? ಗಂಟಲಿನ ಯಜಮಾನ ಬೆಲ್ಟು ಹಿಡಿದು ನಿಂತಿದ್ದವನು ಗೋಣು ಅಲ್ಲಾಡಿಸಿದ. ಅದು ಹೌದೋ ಅಲ್ಲವೋ ಅವನಿಗೇ ತಿಳಿಯಲಿಲ್ಲ. ಎಲ್ಲರೂ ಹೌದೆಂದೇ ತಿಳಿದರು.

ಮನೆಗೆ ಹೋದವನೇ ಬಚ್ಚಲ ಬಾಗಿಲು ಹಾಕಿಕೊಂಡು ಹಾಡಿ ನೋಡಿದ. ಗೋಡೆಯಿಂದ ವಾಪಸು ಬಂದ ದನಿ ಯಾರೋ ಬಾಡಿಗೆದಾರನದ್ದಿರಬೇಕು ಅನ್ನಿಸಿತು. ಹೊರಗೆ ಬಂದು ಹೆಂಡತಿಯನ್ನು ಕೇಳಿದ.

"ಲೇ, ನನ್ನ ದನಿ ಹೇಗಿದೆ?"

"ನನಗೇನು ಗೊತ್ತು? ನೀವು ಹಾಡುವಾಗೆಲ್ಲ ಗಿರಣಿ ಓಡ್ತಿರುತ್ತಲ್ಲ."

ಅಂದರೆ ತನ್ನ ದನಿಯನ್ನು ಗಿರಣಿಯಿಲ್ಲದೆ ಈ ಭೂಮಂಡಲದಲ್ಲಿ ಯಾರೂ ಕೇಳಿಲ್ಲ, ಇವತ್ತಿನ ಬಚ್ಚಲನ್ನು ಬಿಟ್ಟರೆ ತಾನೂ ಸೇರಿ. ಶನಿವಾರ ಅದು ಬಿದ್ದರೆ ಭಾನುವಾರದಿಂದ ಅವನು ಬರೀ ಮಾವನ ಗಿರಣಿಯ ಅಳಿಯ. ಕೊರಳಿಗೆ ಮಫ್ಲರು ಬಂತು. ಮೆಣಸು, ಜೇನು, ಬಿಸಿನೀರು ಸರದಿಯ ಮೇಲೆ ಗಂಟಲಿಗಿಳಿದವು. ದನಿ ಸವೆಯಬಾರದೆಂದು ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ವ್ಯವಹಾರ ಶುರುವಾಗಿ ಒಬ್ಬರ ಗೋಧಿ ಇನ್ನೊಬ್ಬರ ಚೀಲಕ್ಕೆ ಹೋಯಿತು. ಬೈಗುಳಕ್ಕೂ ಅವನು ಕೈಮುಗಿದು ಉತ್ತರಿಸಿದ.

ಶನಿವಾರ ಬಂದೇ ಬಂತು. ವೇದಿಕೆಯ ಮೇಲೆ ನಿಂತರೆ ಹಾಲ್‌ನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದಕ್ಕೆ ಹೆದರಿ, ಗಿರಣಿಯ ಮೇಲೆ ಹಾಡುವ ಎತ್ತರದಲ್ಲೇ ಹಾಡನ್ನು ಎತ್ತಿಬಿಟ್ಟ. ಮುಂದಿನ ಸಾಲಿನ ಮಗುವೊಂದು ಚಿಟ್ಟನೆ ಚೀರಿತು. ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ದನಿ ಒಡೆದು, ಬಿರಿದು, ನಿಂತೇ ಹೋಯಿತು. ಹಿಂದಿನ ಸಾಲಿನಲ್ಲಿ ಟೈಲರು ತಲೆ ತಗ್ಗಿಸಿ ಅಂಗಿಯ ಗುಂಡಿ ಪರೀಕ್ಷಿಸತೊಡಗಿದ.

ಆಗ ಮುಂದಿನ ಸಾಲಿನಿಂದ ಸಣ್ಣಗೆ 'ಮ್‌ಮ್‌' ಎಂಬ ದನಿ ಬಂತು. ಸಂಗೀತದ ಟೀಚರು. ದಯೆಯೋ, ಅಪಶ್ರುತಿ ಸಹಿಸಲಾಗದ ಹಟವೋ, ಬೇಕಾದ ಶ್ರುತಿಯನ್ನು ತಗ್ಗಿನಲ್ಲಿ ಹಿಡಿದು ಅವನ ಮುಖ ನೋಡಿದರು. ಗಂಧರ್ವ ಮುಳುಗುವವನು ಹಲಗೆ ಹಿಡಿದಂತೆ ಅದನ್ನು ಹಿಡಿದ. ದನಿ ಕೆಳಗಿಳಿಯಿತು, ನಡುಗಿತು, ಕೊನೆಗೆ ತನ್ನ ಕಾಲ ಮೇಲೆ ನಿಂತಿತು. ಟೀಚರು ಬಾಯಿ ಮುಚ್ಚಿದ ಮೇಲೂ ನಿಂತಿತ್ತು. ಜನ ಮುಂದಕ್ಕೆ ಬಾಗಿ ಕೇಳತೊಡಗಿದರು. ಅವನ ಎದೆ ಇನ್ನೇನು ಹಗುರಾಗಬೇಕು, ಅಷ್ಟರಲ್ಲಿ ಎರಡನೇ ಚರಣ ಹತ್ತಿರ ಬಂತು. ತನಗೆ ಎರಡನೇ ಚರಣ ಬರುವುದಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು.

ಎಂದೂ ಬಂದಿರಲಿಲ್ಲ. ಗಿರಣಿಯ ಗದ್ದಲದಲ್ಲಿ ದನಿ ಕೇಳುತ್ತಿತ್ತೇ ಹೊರತು ಪದ ಯಾರಿಗೂ ಕೇಳುತ್ತಿರಲಿಲ್ಲವಾದ್ದರಿಂದ ಅಲ್ಲಿ ಅವನು ಬಾಯಿಗೆ ಬಂದದ್ದನ್ನು ತುಂಬುತ್ತಿದ್ದ. ಈಗಲೂ ನಾಲಿಗೆ ತನ್ನ ರೂಢಿಯ ದಾರಿ ಹಿಡಿಯಿತು. ತುಂಬಿದ ಸಭೆಯೆದುರು, ಅಪ್ಪಟ ಶ್ರುತಿಯಲ್ಲಿ, ಗಂಧರ್ವ ಹಾಡಿದ:

"ಗೋಧಿಯೊಳಗೆ ಕಲ್ಲಿದೆ, ನೋಡಿ ತರಬಾರದೇ... ಚೀಲ ಬಿಚ್ಚಿ ನಿಲ್ಲಿ, ನಿಮ್ಮ ಸರದಿ ಬರುತಿದೆ..."

ಹಾಡಿ ಮುಗಿಸಿ ಕಣ್ಣು ಮುಚ್ಚಿ, ನಗುವಿನ ಸಿಡಿಲಿಗೆ ತಲೆಯೊಡ್ಡಿ ನಿಂತ. ಸಿಡಿಲು ಬರಲಿಲ್ಲ, ಚಪ್ಪಾಳೆ ಬಂತು. ಕಣ್ಣು ಬಿಟ್ಟರೆ ಹೆಡ್‌ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಂಥಾ ಮಾತಪ್ಪಾ," ಎಂದರು ಅವರು, ಅವನ ಕೈ ಹಿಡಿದು. "ನಿಮ್ಮ ಸರದಿ ಬರುತಿದೆ. ಇವತ್ತು ನನಗೇ ಹೇಳಿದ ಹಾಗಿತ್ತು."

ಟೈಲರು ಗೆದ್ದೆನೆಂದ. ಔಷಧಿ ಅಂಗಡಿಯವನು, ನೋವು ನೋಡಿದ್ರಾ, ನಾನು ಹೇಳಿರಲಿಲ್ಲವಾ ಎಂದು ಕಂಡವರನ್ನೆಲ್ಲ ಕೇಳಿದ. ಆ ಹಾಡಿನ ಅಸಲು ಚರಣ ಬಲ್ಲವರು ಸಂಗೀತದ ಟೀಚರೊಬ್ಬರೇ. ಅವರು ಅವನನ್ನೇ ನೆಟ್ಟಗೆ ನೋಡಿ, ಶ್ರುತಿ ಸರಿ ಇತ್ತು ಎಂದಷ್ಟೇ ಹೇಳಿ ಚಪ್ಪಲಿ ಹುಡುಕಲು ಹೋದರು.

ಮನೆಯ ದಾರಿಯಲ್ಲಿ ಹೆಂಡತಿ ಸಡಿಲಾದ ಮಫ್ಲರನ್ನು ಅವನ ಕೊರಳಿಗೆ ಮತ್ತೆ ಸುತ್ತಿದಳು. ಆಮೇಲೆ, "ದನಿ ಚೆನ್ನಾಗೇ ಇದೆ ರೀ," ಎಂದಳು. "ಆದ್ರೆ ಇನ್ಮೇಲೆ ಗಿರಣೀಲೂ ಪದ ನೋಡ್ಕೊಂಡು ಹಾಡಿ. ಟೈಲರಣ್ಣ ನಾಳೆಯಿಂದ ಹತ್ತಿರಾನೇ ಬಂದು ನಿಂತ್ಕೊಂಡು ಪೂರ್ತಿ ಹಾಡು ಕೇಳ್ತಾರಂತೆ."

ಗಂಧರ್ವ ಆ ಬೀದಿಯ ತಿರುವಿನವರೆಗೂ ನೆಲಕ್ಕೆ ಕಾಲು ತಾಗದವನಂತೆ ನಡೆದ. ತಿರುವಿನಲ್ಲಿ ಅವನಿಗೆ ಮೂರನೇ ಚರಣ ನೆನಪಾಯಿತು. ಅದರಲ್ಲಿ ಇಷ್ಟು ವರ್ಷ ತಾನು ಟೈಲರನ ಹೊಲಿಗೆಯ ಬಗ್ಗೆ ಏನೇನು ಹಾಡಿಕೊಂಡು ಬಂದಿದ್ದೇನೆಂಬುದು ಒಂದೊಂದಾಗಿ ನೆನಪಿಗೆ ಬಂದಂತೆ, ಮಫ್ಲರಿನೊಳಗೆ ಕೊರಳು ಬೆವರತೊಡಗಿತು.