ಕಲ್ಲುಸಕ್ಕರೆ ಕರಗುವವರೆಗೆ

ದೊಡ್ಡಬಳ್ಳಾಪುರದ ಕಾಲೇಜೊಂದಕ್ಕೆ ಚರ್ಚಾಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ, ‘ಕಾಲೇಜಿನಲ್ಲಿ ಯಾರು ಏನು ಬೇಕಾದರೂ ಮಾತಾಡಬಹುದೇ?’ ಪರವಾಗಿ ಕಾವ್ಯಾ, ವಿರುದ್ಧವಾಗಿ ಮಂಜ.

“ಲೋ, ನನ್ನ ಮಾತು ಮುಗಿಸೋಕೆ ಬಿಡೋ!”

“ಏನು ಬೇಕಾದ್ರೂ ಮಾತಾಡಬಹುದು ಅಂದ್ಯಲ್ಲ, ಅದಕ್ಕೇ ಮಾತಾಡ್ತಿದ್ದೀನಿ ಕಣೇ!”

ಪ್ರಿನ್ಸಿಪಾಲರು ಎದ್ದರು. “ಇನ್ನೊಂದು ಸಲ ಕಿರುಚಿದ್ರೆ ಚರ್ಚಾಕೂಟಾನೇ ಮುಚ್ಚಿಬಿಡ್ತೀನಿ.”

ನಾನು ಸ್ವಾಮಿಯನ್ನು ನೆನೆದೆ. ಬೆಳಿಗ್ಗೆ ಘಾಟಿಯ ದೇವಸ್ಥಾನಕ್ಕೆ ಹೋಗಿ ಬಂದಿದ್ದರಿಂದ ಚೀಲದಲ್ಲಿ ಕಲ್ಲುಸಕ್ಕರೆ ಪ್ರಸಾದವಿತ್ತು. ದಪ್ಪ ತುಂಡೊಂದನ್ನು ಮಂಜನ ಕೈಗಿಟ್ಟೆ. “ಕಡೀಬಾರದಪ್ಪಾ, ತಾನೇ ಕರಗಬೇಕು. ಅಲ್ಲೀವರೆಗೆ ಅವಳ ಮಾತು ಕೇಳು.” ಅವನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಅವನ ಸರದಿ ಬಂದಾಗ ಕಾವ್ಯಾಳ ಬಾಯಿಗೂ ಒಂದು ತುಂಡು ಬಿತ್ತು.

“ಅವಳು ಹೇಳಿದ್ದರಲ್ಲಿ ಒಂದು ಮಾತು ಸರಿಯಿದೆ ಸಾರ್,” ಎಂದೇ ಮಂಜ ಶುರುಮಾಡಿದ. ಕೂಟ ಉಳಿಯಿತು.

ನನಗೋ ಹಿಡಿಸಲಾರದ ಸಂತೋಷ. ಕೊನೆಯಲ್ಲಿ ತಾಳ್ಮೆಯ ಮಹಿಮೆ ಹೇಳುತ್ತಾ ನಿಂತವನು ಊಟದ ಹೊತ್ತನ್ನೂ ದಾಟಿಸಿಬಿಟ್ಟೆ. ಕಾವ್ಯಾ ಮೆಲ್ಲಗೆ ವೇದಿಕೆ ಹತ್ತಿ ಬಂದಳು. “ಸಾರ್, ನೀವೇ ಪ್ರಸಾದ ತಗೊಂಡಿಲ್ಲ.”

ಪ್ರಸಾದ ಬೇಡವೆನ್ನಲಾದೀತೇ? ಇದ್ದುದರಲ್ಲೇ ದೊಡ್ಡ ತುಂಡನ್ನು ಆರಿಸಿದ್ದಳು. ಸ್ವಾಮಿಗೂ ಹಸಿವಾಗಿತ್ತೆಂದು ಕಾಣುತ್ತದೆ.