ಸಂಸಾರ ಕಟ್ಟಿಕೊಂಡು ಬ್ರೆಜಿಲ್‌ಗೆ ಹೋದ ತೆಕ್ಲಾ

ತೆಕ್ಲಾಳದು ನಿಂತಲ್ಲಿ ನಿಲ್ಲದ ಕಾಲು. ಜಮೀನ್ದಾರನ ಹೊಲದಲ್ಲಿ ಗೆಡ್ಡೆ ಅಗೆಯುವಾಗ ತನ್ನ ಸಾಲು ಮುಗಿಸಿ ಪಕ್ಕದವಳ ಸಾಲಿಗೂ ಕೈಹಾಕುತ್ತಿದ್ದಳು. ವಯಸ್ಸು ಮೂವತ್ತೆರಡು. ಗಂಡ ತೀರಿಕೊಂಡ ಮೇಲೆ ಅಣ್ಣ ಹಾವ್ರಿಲೋನ ಮನೆಯಲ್ಲಿ ಒಲೆ ಪಕ್ಕದ ಬೆಂಚೇ ಅವಳ ಜಾಗ. 1895ರ ವಸಂತದಲ್ಲಿ ದಲ್ಲಾಳಿಯೊಬ್ಬ ಆಸ್ಟ್ರಿಯಾ ಸಾಮ್ರಾಜ್ಯದ ಗಲೀಶಿಯಾ ಸೀಮೆಯ ಆ ಹಳ್ಳಿಗೆ ಬಂದು, ಬ್ರೆಜಿಲ್‌ಗೆ ಹಡಗು ಪುಕ್ಕಟೆ, ಇಳಿದ ಕೂಡಲೇ ಜಮೀನು ಎಂದಾಗ ಮೊದಲು ಎದ್ದು ನಿಂತವಳು ಅವಳೇ.

"ನನ್ ಹೆಸ್ರು ಬರ್ಕೊಳ್ಳಿ ಸ್ವಾಮಿ."

"ನಿನ್ ಗಂಡ ಎಲ್ಲಮ್ಮ?"

"ಚರ್ಚಿನ ಹಿಂದೆ, ಮಣ್ಣಲ್ಲಿ."

ದಲ್ಲಾಳಿ ಪೆನ್ಸಿಲ್ ಕೆಳಗಿಟ್ಟ. "ಅಲ್ಲಿನ ಸರ್ಕಾರ ಒಂಟಿ ಹೆಂಗಸ್ರನ್ನ ಕರೀತಿಲ್ಲ. ಗಂಡ, ಹೆಂಡ್ತಿ, ಮಕ್ಳು, ಹೀಗೆ ಸಂಸಾರ ಇರ್ಬೇಕು. ತಿಂಗಳ ಕೊನೇಲಿ ಪಟ್ಟಿ ಮುಗಿಸ್ತೀನಿ."

ತೆಕ್ಲಾ ಅಲ್ಲಿಂದ ನೇರ ಗಾಡಿಚಕ್ರ ಮಾಡುವ ಪ್ರೊಕಿಪ್‌ನ ಅಂಗಳಕ್ಕೆ ಹೋದಳು. ಹೆಂಡತಿ ಸತ್ತವನು; ಇಬ್ಬರು ಹೆಣ್ಣುಮಕ್ಕಳು.

"ಪ್ರೊಕಿಪ್, ನನ್ನ ಮದ್ವೆ ಆಗ್ತೀಯಾ?"

ಅವನ ಸುತ್ತಿಗೆ ಮೇಲೆತ್ತಿದ್ದು ಹಾಗೇ ನಿಂತಿತು. "ತಲೆ ಕೆಟ್ಟಿದ್ಯೇನೆ ನಿಂಗೆ?"

"ಬ್ರೆಜಿಲ್‌ಗೆ ಸಂಸಾರ ಬೇಕಂತೆ. ಮುಕ್ಕಾಲು ಸಂಸಾರ ನಿನ್ ಹತ್ರ ಇದೆ. ಮಿಕ್ಕಿದ್ದು ನಾನು."

"ನಂಗಿಲ್ಲಿ ಏನ್ ಕಮ್ಮಿಯಾಗಿದೆ?"

"ಜಮೀನು. ನಾಳೆ ನಿನ್ ಮಕ್ಳೂ ನನ್ ಥರ ಇನ್ನೊಬ್ರ ಒಲೆ ಪಕ್ಕ ಬಿದ್ಕೊಂಡಿರ್ಬೇಕಾ?"

ಐದನೆಯ ದಿನ ಒಗೆದ ಅಂಗಿ ತೊಟ್ಟು ಹಾವ್ರಿಲೋನ ಬಾಗಿಲಲ್ಲಿ ನಿಂತ.

ಇಟಲಿಯ ಜಿನೋವಾ ಬಂದರಿನಿಂದ ಹೊರಟ ಹಡಗು ಇಳಿದು, ಗುಡ್ಡ ಹತ್ತಿ ಬ್ರೆಜಿಲ್‌ನ ಪರಾನಾ ಸೀಮೆಗೆ ಬಂದರೆ ಜಮೀನಿಲ್ಲ. ಇದ್ದದ್ದು ಹಲಗೆಯ ಉದ್ದನೆಯ ಷೆಡ್ಡು, ಅದರ ತುಂಬ ಜನ. ಕಾಡನ್ನು ಇನ್ನೂ ಅಳೆದಿರಲಿಲ್ಲ. ತೆಕ್ಲಾ ದಿನಾ ಬೆಳಿಗ್ಗೆ ಕಚೇರಿಗೆ ಹೋಗಿ ನಿಲ್ಲುವಳು. ದಿನಾ "ನಾಳೆ" ಎಂಬ ಉತ್ತರ ಹೊತ್ತು ಬರುವಳು. ಮೂರನೆಯ ತಿಂಗಳು ಷೆಡ್ಡಿಗೆ ಜ್ವರ ಹೊಕ್ಕಿತು. ಪ್ರೊಕಿಪ್‌ನ ಚಿಕ್ಕ ಮಗಳು, ಆರು ವರ್ಷದ ಯಾವ್ದೋಖಾ ಹೋಗಿಬಿಟ್ಟಳು.

ಮಣ್ಣು ಮುಚ್ಚಿದ ಮೇಲೆ ಪ್ರೊಕಿಪ್ ಕೇಳಿದ: "ಇದೇನಾ ನೀ ಹೇಳಿದ ಜಮೀನು?"

ಆಮೇಲೆ ಆ ಮಾತನ್ನು ಅವನು ಯಾವತ್ತೂ ಆಡಲಿಲ್ಲ. ಅವಳಿಗೆ ಮಾತ್ರ ಅದು ಕಿವಿಯಿಂದ ಹೋಗಲೇ ಇಲ್ಲ. ಅನ್ನ ನೀರು ಸೇರದೆ ಷೆಡ್ಡಿನ ಉದ್ದಕ್ಕೂ ಶತಪಥ ಹಾಕುತ್ತಿದ್ದಳು.

ಅದೇ ವಾರ ಕಚೇರಿಯಲ್ಲಿದ್ದ, ಅವರ ಭಾಷೆ ಬಲ್ಲ ಗುಮಾಸ್ತ ಅವಳ ಮುಂದೆ ಕಾಗದ, ಶಾಯಿ ಇಟ್ಟ. ಬರಹ ಬಲ್ಲವರು ಅಲ್ಲಿ ನಾಲ್ಕೈದು ಜನ, ಅವರಲ್ಲಿ ಅವಳೊಬ್ಬಳು.

"ಊರಿಗೆ ಬರಿ, ಸುಖವಾಗಿದೀವಿ, ನೀವೂ ಬನ್ನಿ ಅಂತ. ಹೊಳೆ ದಂಡೇಲಿ ನಿಮಗೆ ಜಮೀನು ಮಾಡಿಸ್ಕೊಡ್ತೀನಿ."

ಅವಳು ಕೂತು ಬರೆದಳು: "ಹಾವ್ರಿಲೋ ಅಣ್ಣನಿಗೆ. ಇಲ್ಲಿರೋದು ಹೊಲ ಅಲ್ಲ, ಕಾಡು. ಮಕ್ಕಳನ್ನ ಕರ್ಕೊಂಡು ಬರಬೇಡ. ಯಾವ್ದೋಖಾನ ಇಲ್ಲೇ ಹೂತಿದೀವಿ."

ಗುಮಾಸ್ತ ಓದಿ, ಮಡಿಸಿ ಜೇಬಿಗಿಟ್ಟುಕೊಂಡ. ಜಮೀನು ಸಿಕ್ಕಿತು, ಎಲ್ಲರಿಗಿಂತ ಕೊನೆಗೆ. ಎರಡು ದಿನ ನಡೆಯುವಷ್ಟು ದೂರ, ಗುಡ್ಡದ ನೆತ್ತಿಯ ಮೇಲೆ.

ಮರುವರ್ಷ ತಮ್ಮ ಊರಿನವರು ಷೆಡ್ಡಿಗೆ ಬಂದಿದ್ದಾರೆಂಬ ಸುದ್ದಿ ಮುಟ್ಟಿತು. ತೆಕ್ಲಾ ಹಿಟ್ಟಿನ ಕೈ ಒರೆಸಿಕೊಂಡು ಹಾಗೇ ಗುಡ್ಡ ಇಳಿದಳು. ಎರಡು ದಿನ ನಡೆದು ಹೋದರೆ, ಷೆಡ್ಡಿನ ಬಾಗಿಲಲ್ಲೇ ಹಾವ್ರಿಲೋ ಕೂತಿದ್ದ, ತೊಡೆಯ ಮೇಲೆ ಕೆಮ್ಮುವ ಮಗಳು.

"ಬದುಕಿದೀಯೇನೆ? ಒಂದು ಸಾಲು ಬರೆಯೋಕೂ ಕೈ ಬರ್ಲಿಲ್ವಾ?"

"ಬರ್ದಿದ್ದೆ ಅಣ್ಣಾ. ಬರಬೇಡ ಅಂತಲೇ ಬರ್ದಿದ್ದೆ."

ಉಗಿಯುವುದಕ್ಕೂ ತ್ರಾಣವಿರಲಿಲ್ಲ ಅವನಲ್ಲಿ. ತೆಕ್ಲಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡಳು.

"ಏಳು. ಇಲ್ಲಿ ಒಂದಿನಾನೂ ಇರ್ಬೇಡಿ."

ಆ ಮಗು ಉಳಿಯಿತು. ಅಂದಿನಿಂದ ಹೊಸಬರು ಬಂದರೆಂದು ಕೇಳಿದರೆ ಸಾಕು, ಯಾರ ಊರು ಯಾವುದು ಎಂದೂ ವಿಚಾರಿಸದೆ ತೆಕ್ಲಾ ಇಳಿದುಹೋಗಿ ಅವರ ಮಕ್ಕಳನ್ನು ಮೇಲೆ ಕರೆತರುತ್ತಿದ್ದಳು. ಹೆತ್ತವರಿಗೆ ಜಮೀನು ಸಿಗುವತನಕ ಅವು ಅವಳ ಮನೆಯಲ್ಲೇ. "ನಿನ್ ಕಾಲಿಗೆ ಲಾಳ ಹೊಡೀಬೇಕು ಕಣೆ," ಎಂದು ಪ್ರೊಕಿಪ್ ಗೊಣಗುತ್ತಿದ್ದ. ಗೊಣಗುತ್ತಲೇ ಪೈನ್ ಮರ ಸೀಳಿ, ಮನೆಗೆ ಇನ್ನೊಂದು ಕೋಣೆ ಎಬ್ಬಿಸುತ್ತಿದ್ದ.